ಒಬ್ಬರೇ ಹಾರುವಾಗ ಮೈ ಕೆಟ್ಟರೆ: ಬೆಳಗಾವಿ ಸೋಲೊ ಪ್ರಶ್ನೆಗೆ ನನ್ನ ಉತ್ತರ

ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ಕ್ಷೇಮವಾಗಿ ಇಳಿದಿರಲ್ಲ, ಅದೇ ದೊಡ್ಡ ಸಮಾಧಾನ. ಪ್ರಶ್ನೆ ಓದದವರಿಗಾಗಿ ವಿಷಯ ಇಷ್ಟು: ಇವರು ವಿಮಾನ ಹಾರಿಸಲು ಕಲಿಯುತ್ತಿರುವ ವಿದ್ಯಾರ್ಥಿ. ಸೆಸ್ನಾ 172 ಎಂಬ ಸಣ್ಣ ವಿಮಾನದಲ್ಲಿ ಸೋಲೊ ಕ್ರಾಸ್ ಕಂಟ್ರಿ, ಅಂದರೆ ಒಬ್ಬರೇ ಊರಿಂದೂರಿಗೆ ಹಾರುವುದು, ಮುಗಿಸಿ ಶಿವಮೊಗ್ಗ ಕಡೆಯಿಂದ ಬೆಳಗಾವಿಗೆ ಬರುತ್ತಿದ್ದರು. ನೆಗಡಿಗೆ ಹಿಂದಿನ ರಾತ್ರಿ ಸೆಟ್ರಿಜಿನ್ ನುಂಗಿದ್ದರು, ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ. ದಾರಿಯಲ್ಲಿ ಬೆವರು ಕಿತ್ತುಕೊಂಡು ಬಂತು, ಬೆರಳು ಜುಮ್ಮೆಂದಿತು, ಕಣ್ಣು ಮಂಜಾಯಿತು. ಹುಬ್ಬಳ್ಳಿ ರನ್‌ವೇ ಕಾಣುತ್ತಿತ್ತು. ಆದರೂ ಇಳಿಯಲಿಲ್ಲ, ರೇಡಿಯೊದಲ್ಲೂ ಹೇಳಲಿಲ್ಲ, ಇನ್ನೂ 25 ನಿಮಿಷ ಹಾರಿ ಮನೆ ಸೇರಿದರು. ಈಗ ಕೇಳುತ್ತಿರುವುದು, ‘ಎಚ್ಚರ ತಪ್ಪಿದ್ದರೆ ಏನು ಮಾಡಬೇಕಿತ್ತು? ಇದನ್ನು ಹೇಳಿದರೆ ಮೆಡಿಕಲ್ ಹೋಗುತ್ತಾ?’ ಮೆಡಿಕಲ್ ಅಂದರೆ ಹಾರಲು ಬೇಕಾದ ಆರೋಗ್ಯ ಪ್ರಮಾಣಪತ್ರ.

ಎಚ್ಚರ ತಪ್ಪಿದ ಮೇಲೆ ಒಬ್ಬರೇ ಇರುವ ಪೈಲಟ್ ಮಾಡುವಂಥದ್ದು ಏನೂ ಇಲ್ಲ. ಮಾಡಬೇಕಾದ್ದೆಲ್ಲ ಅದಕ್ಕೆ ಮುಂಚೆಯೇ. ಹಾಗಾಗಿ ನಿಮ್ಮ ತಲೆಸುತ್ತಿಗಿಂತ ಜಾಸ್ತಿ ನನ್ನನ್ನು ಕಾಡಿದ್ದು ಆ 25 ನಿಮಿಷದ ಮೌನ.

ಆ ಮೌನ ನನಗೆ ಗೊತ್ತು. ನಾನು ಅಮೆರಿಕದ ಡಲ್ಲಾಸ್ ಪಕ್ಕದಲ್ಲಿ ಇದ್ದೇನೆ, ವಾರಾಂತ್ಯಕ್ಕೆ ಬಾಡಿಗೆ 172ರಲ್ಲಿ ಹಾರುತ್ತೇನೆ. ಒಂದು ಬೇಸಿಗೆಯಲ್ಲಿ ಒಬ್ಬನೇ ವೇಕೊಗೆ ಹೊರಟಿದ್ದೆ. ಹಿಲ್ಸ್‌ಬೊರೊ ದಾಟುತ್ತಿದ್ದಂತೆ ಸೊಂಟದ ಎಡಬದಿಯಲ್ಲಿ ನೋವು ಶುರುವಾಯಿತು. ಐದು ನಿಮಿಷದಲ್ಲಿ ಉಸಿರು ಬಿಗಿಹಿಡಿಯುವಷ್ಟು ಆಯಿತು. ಮೂತ್ರಪಿಂಡದ ಕಲ್ಲು ಎಂದು ಗೊತ್ತಾದದ್ದು ಆಮೇಲೆ. ಆಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಸುಮ್ನೆ ಗಲಾಟೆ ಮಾಡೋದು ಬೇಡ, ಇನ್ನೇನು ಬಂದೇ ಬಿಡ್ತು. ಹತ್ತು ನಿಮಿಷ ಹೀಗೇ ಕಳೆದೆ. ನೋಡಿದರೆ ಎತ್ತರ 400 ಅಡಿ ಇಳಿದಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಆಗ ಮೈಕ್ ಒತ್ತಿದೆ. ಕಂಟ್ರೋಲರ್ ಕೇಳಿದ್ದು ವಿಮಾನದಲ್ಲಿ ಎಷ್ಟು ಜನ, ಇಂಧನ ಎಷ್ಟು ಹೊತ್ತಿಗಿದೆ, ಇಷ್ಟೇ. ದಾರಿ ಬಿಡಿಸಿಕೊಟ್ಟರು, ಇಳಿಯುವ ಹೊತ್ತಿಗೆ ಆಂಬುಲೆನ್ಸ್ ನಿಂತಿತ್ತು. ಮಾರನೆಯ ದಿನ ಒಂದು ಫೋನ್ ಬಂತು, ನಡೆದದ್ದು ಹೇಳಿದೆ, ಅಲ್ಲಿಗೆ ಮುಗಿಯಿತು. ನಾನು ಹೆದರಿದ್ದ ಯಾವುದೂ ಆಗಲಿಲ್ಲ.

ಮುಂದೆ ಹೀಗಾದರೆ ಮೊದಲು ರೆಕ್ಕೆ ಮಟ್ಟ ಮಾಡಿ, ಕೈ ಬಿಟ್ಟರೂ ನೆಟ್ಟಗೆ ಹೋಗುವ ಹಾಗೆ ಟ್ರಿಮ್ ಮಾಡಿ. ಆಟೊಪೈಲಟ್ ಇದ್ದರೆ ಆಗಲೇ ಹಾಕಿ, ಕಷ್ಟ ಜಾಸ್ತಿಯಾಗಲಿ ಎಂದು ಕಾಯಬೇಡಿ. ಆಟೊಪೈಲಟ್ ಇಲ್ಲದಿದ್ದರೆ ಟ್ರಿಮ್ ನಿಮಗೆ ಸ್ವಲ್ಪ ಹೊತ್ತು ಕೊಡುತ್ತದೆ, ಅಷ್ಟೇ. ಆಮೇಲೆ ವಿಮಾನ ನಿಧಾನಕ್ಕೆ ಒಂದು ಪಕ್ಕಕ್ಕೆ ವಾಲುತ್ತದೆ. ಭುಜದ ಪಟ್ಟಿ ಬಿಗಿ ಮಾಡಿಕೊಳ್ಳಿ. ನೀವು ಯೋಕ್ (ವಿಮಾನದ ಸ್ಟೀರಿಂಗ್) ಮೇಲೆ ಕುಸಿದರೆ ಮೂತಿ ಕೆಳಗಾಗುತ್ತದೆ, ಅದೇ ಎಲ್ಲಕ್ಕಿಂತ ಕೆಟ್ಟದ್ದು. ಸೀಟು ಮಾತ್ರ ಸರಿಸಲು ಹೋಗಬೇಡಿ. ಸೆಸ್ನಾದ ಸೀಟು ಹಳಿಯಲ್ಲಿ ಸರಿಯಾಗಿ ಕೂರದೆ ಹಿಂದಕ್ಕೆ ಜಾರಿದರೆ ಇನ್ನೊಂದು ಅನಾಹುತ. ಹೀಟರ್ ಆರಿಸಿ, ಗಾಳಿಯ ಕಿಂಡಿಗಳನ್ನೆಲ್ಲ ತೆರೆಯಿರಿ, ಮುಖಕ್ಕೆ ಗಾಳಿ ಬೀಳಲಿ.

ಕಣ್ಣು ಕತ್ತಲೆ ಕಟ್ಟುತ್ತಿದೆ ಅನಿಸಿದರೆ ತೊಡೆ, ಹೊಟ್ಟೆಯ ಸ್ನಾಯುಗಳನ್ನು ಗಟ್ಟಿಯಾಗಿ ಬಿಗಿಮಾಡಿ. ಬವಳಿ ಬರುವ ಮುಂಚೆ ಹೀಗೆ ಮಾಡಿದರೆ ರಕ್ತದೊತ್ತಡ ಸ್ವಲ್ಪ ಮೇಲೇಳುತ್ತದೆ, ಆ ಹೊತ್ತು ಸಾಕು. ಬೆರಳು ಜುಮ್ಮೆನ್ನುವುದು ಎಷ್ಟೋ ಸಲ ಗಾಬರಿಯಿಂದ ಬೇಗ ಬೇಗ ಉಸಿರಾಡಿದ್ದಕ್ಕೇ ಬರುತ್ತದೆ. ನಿಧಾನ ಉಸಿರಾಡಿ, ಜೋರಾಗಿ ಮಾತಾಡಿ. ಮಾತಾಡುತ್ತಿದ್ದರೆ ಉಸಿರು ತಾನಾಗಿ ಹದಕ್ಕೆ ಬರುತ್ತದೆ.

ಮಾತಾಡಲು ಒಬ್ಬರು ಕಾಯುತ್ತಲೇ ಇದ್ದಾರೆ. ಈಗಾಗಲೇ ಯಾವ ಫ್ರೀಕ್ವೆನ್ಸಿಯಲ್ಲಿ ಇದ್ದೀರೋ ಅದರಲ್ಲೇ ಹೇಳಿ. ಯಾರೂ ಸಿಗದಿದ್ದರೆ ತುರ್ತು ಫ್ರೀಕ್ವೆನ್ಸಿ 121.5. ರೇಡಾರ್‌ಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತು ಕೋಡ್ 7700 ಹಾಕಿ. ಹುಷಾರಿಲ್ಲ, ಆದರೆ ತಲೆ ಚುರುಕಾಗಿದೆ ಅಂದರೆ ಮೂರು ಸಲ ‘ಪ್ಯಾನ್ ಪ್ಯಾನ್’. ಎಚ್ಚರ ತಪ್ಪಬಹುದು ಅನಿಸಿದರೆ ಮೂರು ಸಲ ‘ಮೇಡೇ’. ಅದರ ಜೊತೆ ಒಂದು ಮಾತು ಖಂಡಿತ ಸೇರಿಸಿ: ‘ನಾನು ಒಬ್ಬನೇ ಇದ್ದೇನೆ, ಎಚ್ಚರ ತಪ್ಪಬಹುದು.’ ಅಂಥ ಹೊತ್ತಿನಲ್ಲಿ ನಾಲಿಗೆ ಹೊರಳುವುದಿಲ್ಲ, ಅದಕ್ಕೇ ಈ ವಾಕ್ಯವನ್ನು ಇಂಗ್ಲಿಷಿನಲ್ಲಿ ಈಗಲೇ ಬಾಯಿಪಾಠ ಮಾಡಿ. ‘ಸ್ವಲ್ಪ ಹುಷಾರಿಲ್ಲ’ ಅಂತ ಮೆಲ್ಲಗೆ ಅಂದರೆ ಟವರ್‌ನಲ್ಲಿರುವವರಿಗೆ ಏನು ಅರ್ಥವಾಗಬೇಕು?

ಎಲ್ಲಿ ಇಳಿಯುವುದು ಎಂದರೆ, ತಲೆ ಸರಿಯಿದ್ದು ಬರೀ ನೋವಿದ್ದರೆ ಹತ್ತು ನಿಮಿಷ ಜಾಸ್ತಿಯಾದರೂ ಟವರ್, ಆಂಬುಲೆನ್ಸ್ ಇರುವ ಕಡೆ ಹೋಗಿ. ಎಚ್ಚರದ ಬಗ್ಗೆಯೇ ಅನುಮಾನವಿದ್ದರೆ ಮೊದಲು ಕಂಡ ರನ್‌ವೇ. ಹುಬ್ಬಳ್ಳಿಗೆ ಪರ್ಮಿಷನ್ ಇರಲಿಲ್ಲ ಅಂತ ಬರೆದಿದ್ದೀರಿ. ಮೇಡೇ ಅಂದ ಮೇಲೆ ಪರ್ಮಿಷನ್ ಪ್ರಶ್ನೆ ಇಲ್ಲ. ತುರ್ತಿನಲ್ಲಿ ಜೀವ ಉಳಿಸಲು ಬೇಕಾದಷ್ಟು ನಿಯಮ ಮೀರುವ ಅಧಿಕಾರ ಪೈಲಟ್‌ಗೆ ಇದೆ, ಸೋಲೊ ಹಾರುವ ವಿದ್ಯಾರ್ಥಿಗೂ ಇದೆ.

ಹೀಟರ್ ಆರಿಸಿ ಅಂದೆನಲ್ಲ, ಅದು ಯಾಕೆ ಅಂತ ಚಳಿ ದೇಶದಲ್ಲಿ ಹಾರುವ ನಮ್ಮವರು ಗಮನಿಸಿ. ಸಣ್ಣ ವಿಮಾನದ ಹೀಟರ್ ಗಾಳಿ ಬಿಸಿಯಾಗುವುದು ಎಂಜಿನ್ನಿನ ಮಫ್ಲರ್ ಸುತ್ತ ಹಾದು ಬಂದು. ಮಫ್ಲರ್ ಬಿರುಕು ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ನೇರ ಒಳಗೆ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. 2017ರ ಫೆಬ್ರುವರಿಯಲ್ಲಿ ಮಿನೆಸೋಟದಲ್ಲಿ ಒಬ್ಬರು ಮೂನಿ ವಿಮಾನದಲ್ಲಿ ಡುಲೂತ್‌ನಿಂದ ವಿನೋನಾಗೆ ಒಬ್ಬರೇ ಹೊರಟು ಹೀಗೇ ಎಚ್ಚರ ತಪ್ಪಿದರು. ಆಟೊಪೈಲಟ್ ಹಾಕಿತ್ತು. ಇಂಧನ ಮುಗಿಯುವವರೆಗೂ ವಿಮಾನ ಹಾರುತ್ತಲೇ ಹೋಗಿ ಎಲೆಂಡೇಲ್ ಬಳಿ ಹೊಲದಲ್ಲಿ ಬಿತ್ತು. ಅವರು ಬದುಕಿದರು. ಎಲ್ಲರಿಗೂ ಹಾಗಾಗುವುದಿಲ್ಲ. ಅಮೆರಿಕದ ಅಪಘಾತ ತನಿಖಾ ಮಂಡಳಿ 1982ರಿಂದ 2020ರವರೆಗೆ ಈ ವಿಷಗಾಳಿಯಿಂದ ಆದ 31 ಅಪಘಾತ ಎಣಿಸಿತು, ಅದರಲ್ಲಿ 42 ಜನ ಸತ್ತಿದ್ದರು. ಆ 31ರಲ್ಲಿ ಈ ಗಾಳಿಯನ್ನು ಪತ್ತೆಹಚ್ಚುವ ಡಿಟೆಕ್ಟರ್ ಇದ್ದದ್ದು ಒಂದೇ ವಿಮಾನದಲ್ಲಿ, ಅದೂ ಶಬ್ದ ಮಾಡಿ ಎಚ್ಚರಿಸುವಂಥದ್ದಲ್ಲ. ಬಣ್ಣ ಬದಲಾಗುವ ಚುಕ್ಕೆಯ ಕಾರ್ಡ್ ನಂಬಬೇಡಿ, ಕೂಗುವ ಡಿಟೆಕ್ಟರ್ ತಗೊಳ್ಳಿ. ಇನ್ನೊಂದು, ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ದಾರಿ ತಪ್ಪಿಸುತ್ತದೆ. ಮೊನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ಇರುವ ರಕ್ತ ಎಂದೇ ಓದುತ್ತದೆ. 98 ತೋರಿಸುತ್ತಿರುತ್ತದೆ, ನೀವು ತೂಕಡಿಸುತ್ತಿರುತ್ತೀರಿ.

ನಿಮ್ಮ ವಿಷಯದಲ್ಲಿ ಹೀಟರ್ ಹಾಕಿರಲಿಲ್ಲ, ನೀವು ಹಾರುತ್ತಿದ್ದ 6,500 ಅಡಿ ಅಂಥ ಎತ್ತರವೂ ಅಲ್ಲ. ನನ್ನ ಅನುಮಾನ ಖಾಲಿ ಹೊಟ್ಟೆ, ಸೆಟ್ರಿಜಿನ್, ನೀರು ಕುಡಿಯದ್ದು ಈ ಮೂರರ ಮೇಲೆ. ಖಚಿತ ಮಾಡುವುದು ಡಾಕ್ಟರ್ ಕೆಲಸ. ನಿಮ್ಮದೇ ತರಹದ ಒಂದು ಘಟನೆ ಆಸ್ಟ್ರೇಲಿಯಾದಲ್ಲಿ 2019ರ ಮಾರ್ಚ್‌ನಲ್ಲಿ ಆಯಿತು. ಪೋರ್ಟ್ ಆಗಸ್ಟಾದಿಂದ ಅಡಿಲೇಡ್ ಪಕ್ಕದ ಪ್ಯಾರಾಫೀಲ್ಡ್‌ಗೆ ಸೋಲೊ ಬರುತ್ತಿದ್ದ ವಿದ್ಯಾರ್ಥಿ ಸುಮಾರು 40 ನಿಮಿಷ ರೇಡಿಯೊಗೆ ಉತ್ತರವನ್ನೇ ಕೊಡಲಿಲ್ಲ. ನಿದ್ದೆ ಹೋಗಿದ್ದರು. ಸ್ವಲ್ಪ ನೆಗಡಿ, ಹಿಂದಿನ ರಾತ್ರಿ ಅರೆಬರೆ ನಿದ್ದೆ, ತಿಂಡಿಯಿಲ್ಲ. ಒಂದು ಚಾಕೊಲೇಟ್ ತಿಂದು ಹೊರಟಿದ್ದರು. ಒಂದೊಂದನ್ನೇ ನೋಡಿದರೆ ಸಣ್ಣ ಸಂಗತಿಗಳು, ಅಲ್ವಾ? ಸೆಟ್ರಿಜಿನ್ ಬಗ್ಗೆ ಹೇಳಲೇಬೇಕು, ಯಾಕೆಂದರೆ ನಮ್ಮಲ್ಲಿ ಅದನ್ನು ಯಾರೂ ಔಷಧಿ ಅಂತಲೇ ಲೆಕ್ಕಕ್ಕೆ ಇಡುವುದಿಲ್ಲ. ಅದು ಮಂಪರು ತರುತ್ತದೆ. ಅಮೆರಿಕದಲ್ಲಿ ಅದನ್ನು ತಗೊಂಡು ಹಾರುವಂತಿಲ್ಲ. ಅದೇ ತರಹದ ಬೇರೆ ಮಾತ್ರೆಗಳಾದ ಫೆಕ್ಸೊಫೆನಾಡಿನ್, ಲೊರಾಟಡಿನ್‌ಗೆ ಅವಕಾಶವಿದೆ, ಅದೂ ನೆಲದ ಮೇಲಿದ್ದಾಗ ತಗೊಂಡು ನೋಡಿ ತೊಂದರೆ ಇಲ್ಲ ಎಂದು ಗೊತ್ತಾದ ಮೇಲೆ. ನೀವು ಡಿಜಿಸಿಎ (ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ) ಪಟ್ಟಿಯ ಡಾಕ್ಟರನ್ನೇ ಕೇಳಿ, ಮೆಡಿಕಲ್ ಶಾಪಿನವರನ್ನಲ್ಲ. ಮೂತ್ರ ಬರುತ್ತೆ ಅಂತ ನೀರು ಕುಡಿಯದೇ ಇರುವುದನ್ನೂ ಬಿಡಿ. ನನ್ನ ಕಲ್ಲಿನ ವಿಷಯದಲ್ಲಿ ಡಾಕ್ಟರ್ ಮೊದಲು ಕೇಳಿದ್ದೇ ಅದನ್ನು.

ಇಡೀ ವಿಮಾನಕ್ಕೇ ಪ್ಯಾರಾಶೂಟ್ ಇರುವ ಸಿರಸ್ ಎಂಬ ಸಣ್ಣ ವಿಮಾನದ ಬಗ್ಗೆ ಕೆಳಗೆ ಇನ್ನೊಬ್ಬರು ಕೇಳಿದ್ದಾರೆ. 2005ರ ಜೂನ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಹ್ಯಾವರ್‌ಸ್ಟ್ರಾ ಬಳಿ ಸಿರಸ್‌ನಲ್ಲಿ ಒಬ್ಬರೇ ಹಾರುತ್ತಿದ್ದ ಪೈಲಟ್‌ಗೆ ಫಿಟ್ಸ್ ಬಂದು ಎಚ್ಚರ ತಪ್ಪಿತು. ಎಚ್ಚರವಾದಾಗ ವಿಮಾನ ಕೆಳಗೆ ನುಗ್ಗುತ್ತಿತ್ತು. ಎತ್ತಿ ನೇರ ಮಾಡಿದರು. ಬಲಗಾಲು ಜೋಮು ಹಿಡಿದಿತ್ತು. ಹೇಗೋ ಇಳಿಸುತ್ತೇನೆ ಅಂತ ಹೊರಡಬಹುದಿತ್ತು. ಆದರೆ ಮತ್ತೆ ಎಚ್ಚರ ತಪ್ಪಬಹುದು ಎಂದು ಪ್ಯಾರಾಶೂಟ್‌ನ ಹಿಡಿಕೆ ಎಳೆದೇ ಬಿಟ್ಟರು. ಕೆಳಗೆ ಇಂಧನದ ಟ್ಯಾಂಕುಗಳು ಕಂಡಾಗ ಎಂಜಿನ್ ಬಲದಿಂದ ಸರಿದು ಹಡ್ಸನ್ ನದಿಗೆ ಇಳಿದರು. ಬೆನ್ನುಮೂಳೆಗೆ ಪೆಟ್ಟಾಯಿತು, ಜೀವ ಉಳಿಯಿತು. ಮೆದುಳಲ್ಲಿ ಗಡ್ಡೆ ಇದೆ ಅಂತ ಗೊತ್ತಾದದ್ದು ಆಮೇಲೆ. ಆ ಒಂದು ನಿಮಿಷದ ತೀರ್ಮಾನವನ್ನು ನಾನು ತುಂಬಾ ಗೌರವಿಸುತ್ತೇನೆ. ಒಂದು ಗುಂಡಿ ಒತ್ತಿದರೆ ವಿಮಾನ ತಾನೇ ಇಳಿಯುವಂತೆ ಮಾಡುವ ಗಾರ್ಮಿನ್ ಕಂಪನಿಯ ಆಟೊಲ್ಯಾಂಡ್ ವ್ಯವಸ್ಥೆಗೆ 2020ರಲ್ಲಿ ಪೈಪರ್ ಎಂ600 ವಿಮಾನದಲ್ಲಿ ಮಂಜೂರಾತಿ ಸಿಕ್ಕಿತು. ನಮ್ಮ ತರಬೇತಿ ವಿಮಾನಗಳಲ್ಲಿ ಅದಿಲ್ಲ, ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಇನ್ನು ನಿಮ್ಮ ನಿಜವಾದ ಭಯ, ಮೆಡಿಕಲ್. ಮುಚ್ಚಿಡಬೇಡಿ. ಖಾಲಿ ಹೊಟ್ಟೆಯ ಬವಳಿ ಆಗಿದ್ದರೆ ಪರೀಕ್ಷೆಯಲ್ಲಿ ಬೇರೇನೂ ಸಿಗದೆ ಹೋಗಬಹುದು, ಸ್ವಲ್ಪ ದಿನ ನೆಲದ ಮೇಲೆ ಇರಬೇಕಾದೀತು. ಹೃದಯದ್ದೋ ಮೆದುಳಿನದ್ದೋ ಆಗಿದ್ದರೆ ಅದು ಮತ್ತೆ ಬರುವುದು ಎಲ್ಲಿ, ಯಾವಾಗ ಅಂತ ನೀವು ಆರಿಸಲು ಆಗುವುದಿಲ್ಲ. ನನಗೂ ಕಲ್ಲು ಪೂರ್ತಿ ಹೋಯಿತು ಅಂತ ಸ್ಕ್ಯಾನ್‌ನಲ್ಲಿ ಕಾಣುವವರೆಗೆ ಹಾರಲು ಬಿಡಲಿಲ್ಲ. ಬೇಜಾರಾಯಿತು, ಕಾದೆ.

ನಾಳೆ ಬೆಳಿಗ್ಗೆ ಮೊದಲು ಇನ್‌ಸ್ಟ್ರಕ್ಟರ್‌ಗೆ ಹೇಳಿ. ಏನಾಯಿತು, ಎಷ್ಟು ಹೊತ್ತಿಗೆ, ಏನು ತಿಂದಿದ್ದಿರಿ, ಯಾವ ಮಾತ್ರೆ, ಎಲ್ಲ ಮರೆಯುವ ಮುಂಚೆ ಇವತ್ತೇ ಕಾಗದದಲ್ಲಿ ಬರೆದಿಡಿ, ಡಾಕ್ಟರ್ ಹತ್ತಿರ ಅದನ್ನೇ ಕೊಡಿ. ಹೇಳಲು ಮುಜುಗರ ಆದರೆ ನನಗೆ ಮೆಸೇಜ್ ಮಾಡಿ, ಹೇಗೆ ಹೇಳುವುದು ಅಂತ ಕೂತು ಮಾತಾಡೋಣ. ಅಲ್ಲಿಯವರೆಗೆ ಸೋಲೊ ಬೇಡ.