ಬರೆ ಮೇಲೆ ಇಂಗುಗುಂಡಿ ಬೇಡ, ಟ್ಯಾಂಕಿನ ಅಳತೆ ಆಮೇಲೆ ನೋಡೋಣ

120 ಇಂಚು ಮಳೆ ಬೀಳುವ ಕಡೆ ಮಾರ್ಚ್‌ನಲ್ಲಿ ಟ್ಯಾಂಕರ್ ತರಿಸಬೇಕಾ ಅಂತ ಕೇಳಿದ್ದೀರಿ. ಮಡಿಕೇರಿ ಹತ್ತಿರ ಹತ್ತು ಸೆಂಟು ಇಳಿಜಾರು ಜಾಗ, ಹೊಸ ಮನೆ. ಸೂರಿನ ನೀರು ಹಿಡಿಯಲು ಎಷ್ಟು ಲೀಟರ್ ಟ್ಯಾಂಕ್ ಬೇಕು, ಉಕ್ಕಿದ ನೀರಿಗೆ ಮನೆ ಹಿಂದಿನ ಬರೆ (ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆ) ಮೇಲೆ ಒಂದು ಇಂಗುಗುಂಡಿ ತೆಗೆಸಿದರೆ ಆಯ್ತಲ್ವಾ ಅಂತ ನಿಮ್ಮ ಪ್ರಶ್ನೆ. ಆ ಕೊನೆಯ ಸಾಲು ಓದಿ ಸುಮ್ನೆ ಇರಲು ಆಗಲಿಲ್ಲ. 2017ರಲ್ಲಿ ನಾನು ಮಾಡಿದ್ದು ಅದನ್ನೇ.

ನಮ್ಮ ಮನೆಯೂ ಇಳಿಜಾರಿನಲ್ಲಿದೆ. 2011ರಲ್ಲಿ ಜೆಸಿಬಿ ತರಿಸಿ ಗುಡ್ಡ ಕಡಿದು ಸಮತಟ್ಟು ಮಾಡಿ ಕಟ್ಟಿದ್ದು. ಮನೆ ಹಿಂದೆ ಸುಮಾರು ಹದಿನೆಂಟು ಅಡಿ ಎತ್ತರದ ಬರೆ. ಬರೆಗೂ ಅಡುಗೆಮನೆ ಗೋಡೆಗೂ ನಡುವೆ ಎಂಟು ಅಡಿ ಜಾಗ. ಅಲ್ಲಿ ಸೌದೆ ಕೊಟ್ಟಿಗೆ, ಬಟ್ಟೆ ಒಗೆಯುವ ಕಲ್ಲು. ಕೊಡಗಿನಲ್ಲಿ ಇಂಥ ಮನೆಗಳು ಎಷ್ಟಿವೆ ಅಂತ ನಿಮಗೇ ಗೊತ್ತು.

2016ರಲ್ಲಿ ಮಳೆ ಕೈಕೊಟ್ಟಿತು. ಮುಂದಿನ ಬೇಸಿಗೆಯಲ್ಲಿ ಬಾವಿ ತಳ ಕಂಡಿತು. ನಮ್ಮ ಮನೆಗೆ ಮೊದಲ ಸಲ ಟ್ಯಾಂಕರ್ ಬಂತು. ಅಮ್ಮನಿಗೆ ಅದು ಮರ್ಯಾದೆಯ ಪ್ರಶ್ನೆ ಆಯಿತು. "ಮಳೆಗಾಲ ಪೂರ್ತಿ ನೀರಲ್ಲೇ ನೆನೆಯುತ್ತೇವೆ, ಕುಡಿಯೋಕೆ ದುಡ್ಡು ಕೊಡಬೇಕಾ?" ಅಂದರು. ಅದೇ ಹಟದಲ್ಲಿ 2017ರ ಏಪ್ರಿಲ್‌ನಲ್ಲಿ ಕೆಲಸ ಶುರು ಮಾಡಿಸಿದೆ. ಆರಿಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಸೂರಿನ ಅಂಚಿಗೆ ಕಟ್ಟಿಸಿದೆ. ಮನೆ ಪಕ್ಕ 15,000 ಲೀಟರ್ ಸಂಪ್ ತೆಗೆಸಿದೆ. ಜಾಸ್ತಿಯಾದ ನೀರು ಸುಮ್ನೆ ಹರಿದು ಹೋಗಬಾರದು, ಭೂಮಿಗೆ ಸೇರಬೇಕು, ಬಾವಿಗೆ ಒರತೆ ಬರಬೇಕು ಅಂತ ನನ್ನ ಆಸೆ. ಬಾವಿ ಇರುವುದು ಮನೆಯ ಕೆಳಗಡೆ. ಮೇಲೆ ಇಂಗಿದ ನೀರು ಕೆಳಗೆ ಇಳಿದೇ ಇಳಿಯುತ್ತದೆ ಅಂದುಕೊಂಡೆ. ಬರೆಯ ಅಂಚಿನಿಂದ ಹದಿನೈದು ಅಡಿ ಹಿಂದೆ ನಾಲ್ಕು ಅಡಿ ಅಗಲ, ಹನ್ನೆರಡು ಅಡಿ ಆಳದ ಗುಂಡಿ ತೆಗೆಸಿ, ಸಿಮೆಂಟ್ ರಿಂಗ್ ಇಳಿಸಿ, ಜಲ್ಲಿ ತುಂಬಿಸಿದೆ. ನಮ್ಮ ಹಿಂದಿನ ಮಾಳಿಗೆ ಬರೆಗಿಂತ ಎತ್ತರ. ಹಾಗಾಗಿ ನೀರು ತಾನಾಗಿಯೇ ಪೈಪಿನಲ್ಲಿ ಆ ಗುಂಡಿಗೆ ಹೋಗುತ್ತಿತ್ತು. ಸಂಪ್ ತುಂಬಿದ ಮೇಲೆ ಒಂದು ವಾಲ್ವ್ ತಿರುಗಿಸಿದರೆ ಸಾಕು.

ಈ ನಕ್ಷೆ ನನಗೆ ಸಿಕ್ಕಿದ್ದು ಬೆಂಗಳೂರಿನ ಸ್ನೇಹಿತರೊಬ್ಬರ ಮನೆಯಲ್ಲಿ. ಅಲ್ಲಿ ಜಲಮಂಡಳಿ 2009ರಲ್ಲೇ ಮಳೆನೀರು ಕೊಯ್ಲು ಕಡ್ಡಾಯ ಮಾಡಿತು. ಗೇಟಿನ ಪಕ್ಕ ಅವರ ಇಂಗುಗುಂಡಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಬೆಂಗಳೂರಿಗೆ ವರ್ಷಕ್ಕೆ ಬೀಳುವುದು ಸುಮಾರು 38 ಇಂಚು. ಅವರ ಸೈಟು ಅಂಗೈ ಹಾಗೆ ಸಮ. ನಾನು ಆ ಗುಂಡಿಯನ್ನು ಹಾಗೇ ಎತ್ತಿ ತಂದು ಹದಿನೆಂಟು ಅಡಿ ಬರೆಯ ತಲೆ ಮೇಲೆ ಕೂರಿಸಿದೆ.

2017ರ ಮಳೆಗಾಲ ಏನೂ ತೊಂದರೆ ಇಲ್ಲದೆ ಕಳೆಯಿತು. 2018ರ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಲಿಲ್ಲ. ಬಂದವರಿಗೆಲ್ಲ ಗುಂಡಿ ತೋರಿಸಿದೆ. ಪಕ್ಕದ ತೋಟದ ಅಜ್ಜ ಮಾತ್ರ ಒಂದು ಮಾತು ಅಂದರು. "ಬರೆ ಮೇಲೆ ಚರಂಡಿ ಕಡಿಯುತ್ತೇವೆ, ನೀರು ನಿಲ್ಲಬಾರದು ಅಂತ. ನೀನು ನೀರು ನಿಲ್ಲಿಸೋಕೆ ಗುಂಡಿ ಕಡಿದಿದ್ದೀಯಲ್ಲ ಮಗಾ." ಅಜ್ಜನಿಗೆ ಅಂತರ್ಜಲದ ವಿಷಯ ಗೊತ್ತಿಲ್ಲ ಅಂದುಕೊಂಡೆ. ನಮ್ಮ ಅಪ್ಪನೂ ಪ್ರತಿ ವರ್ಷ ಮೇ ಕೊನೆಗೆ ಹಾರೆ ಹಿಡಿದು ಗುಡ್ಡದ ಮೇಲಿನ ಚರಂಡಿ ಬಿಡಿಸುತ್ತಿದ್ದರು. ಅದು ಯಾಕೆ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ಈಗ ನಾನು ಮಾಡಿದ ತಪ್ಪನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ. ಉದ್ದವಾದರೂ ಓದಿ.

2018ರಲ್ಲಿ ಜೂನ್‌ನಿಂದಲೇ ಬಿಡದೆ ಸುರಿಯಿತು. ಜುಲೈ ಮಧ್ಯದಲ್ಲಿ, ಕೊಡವರ ಕಕ್ಕಡ ತಿಂಗಳು ಶುರುವಾಗುವ ಹೊತ್ತಿಗೆ, ಬರೆಯ ಬುಡದಲ್ಲಿ ಸೌದೆ ಕೊಟ್ಟಿಗೆ ಪಕ್ಕ ಸಣ್ಣ ಒರತೆ ಒಡೆಯಿತು. ತಿಳಿ ನೀರು, ಬೆರಳು ಗಾತ್ರ. ನನಗೆ ಎಷ್ಟು ಖುಷಿಯಾಯಿತು ಅಂದರೆ ಅಮ್ಮನನ್ನು ಕರೆದು ತೋರಿಸಿದೆ. "ನೋಡಿ, ಇಂಗಿದ ನೀರು ಇಲ್ಲಿವರೆಗೆ ಬಂತು, ಇನ್ನು ಬಾವಿ ಬತ್ತುವುದಿಲ್ಲ." ಆ ಒರತೆ ಬರೆಯ ಒಳಗೆ ನೀರು ತುಂಬಿದೆ ಅನ್ನುವುದರ ಗುರುತು. ಮಣ್ಣಿನ ಕಣಗಳ ನಡುವೆ ನೀರು ತುಂಬಿದರೆ ಕಣಕ್ಕೂ ಕಣಕ್ಕೂ ಇರುವ ಹಿಡಿತ ಸಡಿಲವಾಗುತ್ತದೆ. ಮೇಲಿಂದ ನೀರಿನ ಭಾರವೂ ಸೇರುತ್ತದೆ. ಹಾಗೆ ನೆನೆದ ಬರೆ ಯಾವ ಹೊತ್ತಿನಲ್ಲೂ ಜಾರಬಹುದು. ಆಗಸ್ಟ್ ಮೊದಲ ವಾರ ಆ ನೀರು ಕೆಂಪಾಯಿತು. ಅಂದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿತ್ತು. ಆಗಲಾದರೂ ವಾಲ್ವ್ ಮುಚ್ಚಿ ನೀರನ್ನು ಬೇರೆ ಕಡೆ ಬಿಡಬೇಕಿತ್ತು. ಬಿಡಲಿಲ್ಲ. ಬಿಡಲು ಬೇರೆ ದಾರಿಯನ್ನೇ ನಾನು ಇಟ್ಟಿರಲಿಲ್ಲ. ಸಂಪ್ ಇಲ್ಲವೇ ಗುಂಡಿ, ಎರಡೇ. ನನ್ನ ತಪ್ಪಿನ ಬೇರು ಇರುವುದು ಇಲ್ಲಿ.

ಲೆಕ್ಕ ನೋಡಿ. 1000 ಚದರ ಅಡಿ ಸೂರಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2360 ಲೀಟರ್. ನನ್ನ ಸೂರು 1200 ಚದರ ಅಡಿ. ಅಂದರೆ ಇಂಚಿಗೆ 2800 ಲೀಟರ್ ದಾಟುತ್ತದೆ. ಆ ಗುಂಡಿ ಖಾಲಿ ಇದ್ದರೂ ಹಿಡಿಯುವುದು 4300 ಲೀಟರ್ ಒಳಗೆ. ಜಲ್ಲಿ ತುಂಬಿದ ಮೇಲೆ ಅದರ ಅರ್ಧವೂ ಇಲ್ಲ. ಆಗಸ್ಟ್ ಮಧ್ಯದಲ್ಲಿ ನಮ್ಮ ಅಂಗಳದ ಮಳೆ ಮಾಪಕ ಒಂದೇ ದಿನ ಒಂಬತ್ತು ಇಂಚು ತೋರಿಸಿತು. ಸಂಪ್ ಮೊದಲೇ ತುಂಬಿತ್ತು. ಹಾಗಾದರೆ 25,000 ಲೀಟರ್, ಅಂದರೆ 25 ಟನ್ ನೀರು, ಒಂದೇ ದಿನ ಆ ಒಂದು ತೂತಿಗೆ ಹೋಯಿತು. ಬೇಸಿಗೆಯಲ್ಲಿ ನಾವು ದುಡ್ಡು ಕೊಟ್ಟು ತರಿಸಿದ್ದು 5000 ಲೀಟರ್ ಟ್ಯಾಂಕರ್. ಅಂಥ ಐದು ಟ್ಯಾಂಕರನ್ನು ನಾನೇ ಬರೆಯ ತಲೆ ಮೇಲೆ ಸುರಿದ ಹಾಗಾಯಿತು.

ಆಗಸ್ಟ್ 16ರ ಬೆಳಗಿನ ಜಾವ ಬರೆ ಕುಸಿದು ಬಂತು. ನಾಲ್ಕು ದಿನದಿಂದ ಕರೆಂಟ್ ಇರಲಿಲ್ಲ. ಹಿಂದಿನ ಕೋಣೆ ತೇವ ಅಂತ ಅಮ್ಮ ಆ ವಾರ ಮುಂದಿನ ಹಾಲ್‌ನಲ್ಲಿ ಮಲಗುತ್ತಿದ್ದರು. ಅದರಿಂದಲೇ ಅವರು ಉಳಿದರು. ಸೌದೆ ಕೊಟ್ಟಿಗೆ ಕಾಣಲೇ ಇಲ್ಲ. ಅಡುಗೆಮನೆ ಗೋಡೆ ಒಡೆದು ಒಲೆವರೆಗೆ ಕೆಸರು ತುಂಬಿತ್ತು. ನಾನೇ ನಿಂತು ಇಳಿಸಿದ್ದ ಒಂದು ಸಿಮೆಂಟ್ ರಿಂಗ್ ಅಡುಗೆಮನೆ ಒಳಗೆ ಬಿದ್ದಿತ್ತು. ಒಂದು ತಿಂಗಳು ಅಕ್ಕನ ಮನೆಯಲ್ಲಿದ್ದೆವು.

ಆ ವರ್ಷ ಮಕ್ಕಂದೂರು, ಜೋಡುಪಾಲ ಕಡೆ ಜನ ಮನೆ, ತೋಟ, ಮನೆಯವರನ್ನೇ ಕಳೆದುಕೊಂಡರು. ಅದರ ಮುಂದೆ ನಮ್ಮದು ಏನೂ ಅಲ್ಲ. ಎಲ್ಲರೂ ಸಮಾಧಾನ ಹೇಳಿದರು, "ಇಡೀ ಕೊಡಗೇ ಕುಸಿಯಿತು, ನೀನೇನು ಮಾಡ್ತೀಯಾ" ಅಂತ. ಆದರೆ ನಮ್ಮ ಬರೆಯ ಉದ್ದ ಅರವತ್ತು ಅಡಿ. ಬಿದ್ದಿದ್ದು ಇಪ್ಪತ್ತು ಅಡಿ ಮಾತ್ರ. ಅರ್ಧಚಂದ್ರದ ಹಾಗೆ ಕಿತ್ತು ಬಂದಿತ್ತು, ಸರಿಯಾಗಿ ನಡುವೆ ನನ್ನ ಗುಂಡಿ. ಉಳಿದ ನಲವತ್ತು ಅಡಿ ಇವತ್ತಿಗೂ ನಿಂತಿದೆ. ಮಣ್ಣು ಅದೇ, ಮಳೆ ಅದೇ. ಬರೆ ಕಡಿದದ್ದೇ ಮೊದಲ ತಪ್ಪು, ಅದನ್ನೂ ಒಪ್ಪುತ್ತೇನೆ. ಆಮೇಲೆ ಪರಿಶೀಲನೆಗೆ ಬಂದ ಭೂವಿಜ್ಞಾನಿಗಳೂ ಮಳೆಯ ಜೊತೆಗೆ ಇಳಿಜಾರು ಕಡಿದದ್ದನ್ನು ಕಾರಣವಾಗಿ ಹೇಳಿದ್ದರು. ಕಡಿದ ಗಾಯಕ್ಕೆ ನಾನು ನೀರೂ ಕುಡಿಸಿದೆ.

ತೋಟದವರು ಒಂದು ಮಾತು ಕೇಳಬಹುದು. ಕಾಫಿ ತೋಟದಲ್ಲಿ ತೊಟ್ಟಿಲು ಗುಂಡಿ ತೆಗೆಯುತ್ತೇವಲ್ಲ, ಅದೂ ನೀರು ಇಂಗಿಸುವುದೇ ಅಲ್ವಾ ಅಂತ. ಅದು ಬೇರೆ. ಅಲ್ಲಲ್ಲಿ ಹಂಚಿದ, ಆಳ ಕಡಿಮೆ ಇರುವ ಗುಂಡಿಗಳು. ತಮ್ಮ ಸುತ್ತ ಬಿದ್ದ ಮಳೆಯನ್ನು ಮಾತ್ರ ಹಿಡಿಯುತ್ತವೆ. ಸುತ್ತ ಮರದ ಬೇರಿದೆ. ಇಡೀ ಸೂರಿನ ನೀರನ್ನು ಒಂದೇ ಕಡೆ ಹನ್ನೆರಡು ಅಡಿ ಆಳಕ್ಕೆ ತುಂಬುವುದು ಅದಲ್ಲ. ಕಡಿದಾದ ತೋಟದಲ್ಲಿ, ಕೆಳಗೆ ಕೆಲಸಗಾರರ ಲೈನ್ ಮನೆ ಇದ್ದರೆ, ತೊಟ್ಟಿಲು ಗುಂಡಿಯನ್ನೂ ಯೋಚನೆ ಮಾಡಿಯೇ ತೆಗೆಯಬೇಕು ಅನ್ನುವವನು ನಾನು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀರು ಹಿಡಿಯುವುದು ನಮ್ಮಲ್ಲಿ ಕಷ್ಟವೇ ಅಲ್ಲ. 1000 ಚದರ ಅಡಿ ಸೂರಿಗೆ 120 ಇಂಚು ಅಂದರೆ 2.8 ಲಕ್ಷ ಲೀಟರ್. ಅದನ್ನೆಲ್ಲ ಹಿಡಿಯುವ ಟ್ಯಾಂಕ್ ಯಾರೂ ಕಟ್ಟಿಸಲಾರರು. ಹೆಚ್ಚಿನ ನೀರು ಹೇಗಿದ್ದರೂ ಹೊರಗೆ ಹೋಗಲೇಬೇಕು. ಅದನ್ನು ಮಣ್ಣಿಗೆ ತಾಗದ ಹಾಗೆ ಎಲ್ಲಿಗೆ ಕಳುಹಿಸುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ನಾನು ಈಗ ನಾಲ್ಕಿಂಚಿನ ಎರಡು ಪೈಪ್ ಹಾಕಿ, ಮುಚ್ಚಿದ ಪೈಪಿನಲ್ಲೇ ಗದ್ದೆ ಪಕ್ಕದ ತೋಡಿನವರೆಗೆ (ಸಣ್ಣ ಹಳ್ಳದವರೆಗೆ) ಒಯ್ದಿದ್ದೇನೆ. ಟ್ಯಾಂಕಿಗೆ ಬರುವ ಪೈಪ್ ಎಷ್ಟು ದಪ್ಪವೋ ಹೊರಗೆ ಹೋಗುವುದು ಅಷ್ಟಾದರೂ ಇರಬೇಕು. ಪೈಪಿನ ಬಾಯಿಗೆ ಕಲ್ಲು ಹಾಸಿದ್ದೇನೆ, ತೋಡಿನ ದಡ ಕೊರೆಯದಿರಲಿ ಅಂತ. ಕೆಳಗಿನ ಗದ್ದೆಯವರನ್ನು ಕೇಳಿಯೇ ಹಾಕಿದ್ದು. ನಮ್ಮ ನೀರು ಇನ್ನೊಬ್ಬರ ಬರೆಗೆ ಹೋಗಬಾರದು.

ಟ್ಯಾಂಕ್ ವಿಷಯಕ್ಕೆ ಬಂದರೆ, ಜೂನ್‌ನಲ್ಲಿ ತುಂಬಿಸಿ ಮಾರ್ಚ್‌ವರೆಗೆ ಕಾಯುವ ಲೆಕ್ಕವೇ ತಪ್ಪು. ಮಳೆಗಾಲದಲ್ಲಿ ನೀರನ್ನು ದಿನಾ ಬಳಸಿ, ದಿನಾ ತುಂಬಿಸಿ. ಸ್ನಾನ, ಬಟ್ಟೆ, ಪಾತ್ರೆ, ಕಕ್ಕಸು ಎಲ್ಲಕ್ಕೂ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಾವು ಬಾವಿಯ ಮೋಟರ್ ಹಾಕುವುದೇ ಇಲ್ಲ ಅನ್ನಬಹುದು. ಸೆಪ್ಟೆಂಬರ್ ಕೊನೆಗೆ ಬಿಸಿಲು ಬಿದ್ದ ಒಂದು ದಿನ ಟ್ಯಾಂಕ್ ಖಾಲಿ ಮಾಡಿ ತಿಕ್ಕಿ ತೊಳೆಯುತ್ತೇನೆ. ಬೇಸಿಗೆಗೆ ಇಡುವ ನೀರನ್ನು ಅಕ್ಟೋಬರ್ ಮಳೆಯಲ್ಲಿ ಹಿಡಿಯುತ್ತೇನೆ. ಅಷ್ಟು ಹೊತ್ತಿಗೆ ಸೂರು ನಾಲ್ಕು ತಿಂಗಳು ತೊಳೆದು ಶುಚಿಯಾಗಿರುತ್ತದೆ. ನಾಲ್ಕು ಇಂಚು ಬಂದರೆ ನನ್ನ ಸೂರಿನ ನೀರಿಗೆ ಹತ್ತು ಸಾವಿರ ಲೀಟರ್ ಟ್ಯಾಂಕ್ ತುಂಬುತ್ತದೆ. ನಾಲ್ಕು ಜನರ ಮನೆಗೆ ಕುಡಿಯಲು, ಅಡುಗೆಗೆ, ಪಾತ್ರೆಗೆ ದಿನಕ್ಕೆ 80 ಲೀಟರ್ ಅಂತ ಹಿಡಿದರೂ ನಾಲ್ಕು ತಿಂಗಳಿಗೆ 9600 ಲೀಟರ್. ಹತ್ತು ಸಾವಿರ ಲೀಟರ್ ಸಾಕು. ಉಳಿದ ಕೆಲಸಕ್ಕೆ ಬಾವಿಯೋ ನಲ್ಲಿಯೋ ಇದೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂದರೆ ಇನ್ನೂ ಒಂದಿಷ್ಟು ಸೇರುತ್ತದೆ. ಆದರೆ ಆ ಮಳೆಯ ಮೊದಲ ನೀರು ಬಿಟ್ಟುಬಿಡಿ. ತಿಂಗಳುಗಟ್ಟಲೆ ಕೂತ ಧೂಳು, ಹಕ್ಕಿ ಹಿಕ್ಕೆ, ಸಿಲ್ವರ್ ಓಕ್ ಎಲೆ ಎಲ್ಲ ಅದರಲ್ಲಿ ಬರುತ್ತದೆ. ಪೈಪಿನ ಬುಡದಲ್ಲಿ ಒಂದು ತಿರುಪು ಮುಚ್ಚಳ ಇಟ್ಟುಕೊಂಡು ಹತ್ತು ನಿಮಿಷ ಹೊರಗೆ ಬಿಟ್ಟರೆ ಆಯಿತು.

ಟ್ಯಾಂಕ್ ನೆಲದ ಮೇಲೆ ಇರಲಿ, ಮನೆಯ ಕೆಳಬದಿಯ ಗಟ್ಟಿ ನೆಲದಲ್ಲಿ. ಬರೆ ಬುಡದಲ್ಲಿ ಸಂಪ್ ಬೇಡ. ಸಂಪ್ ಬಿರುಕು ಬಿಟ್ಟು ಸೋರಿದರೆ ಗೊತ್ತೇ ಆಗುವುದಿಲ್ಲ. ತೂಕವನ್ನೂ ನೆನಪಿಡಿ, ಹತ್ತು ಸಾವಿರ ಲೀಟರ್ ಅಂದರೆ ಹತ್ತು ಟನ್. ತುಂಬಿದ ಮಣ್ಣಿನ ಮೇಲೆ ಕೂರಿಸಬೇಡಿ. ಬೆಳಕು ಹೋಗದ ಹಾಗೆ ಮುಚ್ಚಿ, ಇಲ್ಲದಿದ್ದರೆ ಪಾಚಿ. ಬಾಯಿಗೆಲ್ಲ ಸೊಳ್ಳೆ ಬಲೆ ಕಟ್ಟಿ. ಕುಡಿಯುವುದಾದರೆ ಕುದಿಸಿ. ಸೂರಿನ ಪಕ್ಕ ಕರಿಮೆಣಸಿಗೆ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಕಲಸಿದ ರೋಗದ ಔಷಧಿ) ಹೊಡೆಯುವ ದಿನ ಟ್ಯಾಂಕಿನ ಪೈಪ್ ಮುಚ್ಚಿಡಿ. ಮೈಲುತುತ್ತು ಕಲಸಿದ ಹಳೆ ಡ್ರಮ್ಮನ್ನು ಎಷ್ಟು ತೊಳೆದರೂ ಮನೆ ನೀರಿಗೆ ಬಳಸಬೇಡಿ.

ಇಂಗುಗುಂಡಿ ಎಲ್ಲೂ ಬೇಡ ಅಂತ ನಾನು ಹೇಳುತ್ತಿಲ್ಲ. ಕುಶಾಲನಗರದ ಕಡೆ ಮಳೆ ಕಡಿಮೆ, ನೆಲ ಸಮ. ಅಲ್ಲಿ ಮಾಡಿಸಿ, ಖಂಡಿತ ಮಾಡಿಸಿ. ನಿಮ್ಮ ಜಾಗ ಇಳಿಜಾರು ಅಂತ ನೀವೇ ಬರೆದಿದ್ದೀರಿ.

ನಿಮ್ಮ ಮನೆ ಇನ್ನೂ ಪಾಯದ ಹಂತದಲ್ಲಿದೆ, ಬದಲಾಯಿಸಲು ಸಮಯವಿದೆ. ಹಿಂದಿನ ಬರೆ ಎಷ್ಟು ಅಡಿ ಎತ್ತರ, ನಿಮ್ಮ ಕೆಳಗೆ ಯಾರ ಮನೆ ಇದೆ, ಹತ್ತಿರದ ತೋಡು ಎಷ್ಟು ದೂರ, ಈ ಮೂರು ತಿಳಿಸಿ. ಪೈಪ್ ಯಾವ ದಾರಿಯಲ್ಲಿ ಒಯ್ಯಬಹುದು ಅಂತ ಹೇಳುತ್ತೇನೆ. ಜೆಸಿಬಿಯವರು ಗುಂಡಿಗೆ ಅಂತ ಬರುವುದಿದ್ದರೆ ಇವತ್ತೇ ಫೋನ್ ಮಾಡಿ ಬೇಡ ಅನ್ನಿ.