ನಡಾವಳಿಯಲ್ಲಿ ಬರೆಯದ ಹಳ್ಳ

ಕುಮಟಾದ ಓದುಗರೊಬ್ಬರು ಬರೆಯುತ್ತಾರೆ: “ಹವಾಮಾನ ಬದಲಾವಣೆಯ ಹೆಸರಿನಲ್ಲಿ ಯಾರಿಗೂ ಓಟು ಬೀಳುವುದಿಲ್ಲ. ಐದು ವರ್ಷಕ್ಕೊಮ್ಮೆ ಚುನಾವಣೆಗೆ ನಿಲ್ಲುವವರು ಐವತ್ತು ವರ್ಷದ ಮುಂದಿನದನ್ನು ಯೋಚಿಸಲಾರರು. ಇದನ್ನು ನ್ಯಾಯಾಲಯಕ್ಕೂ ತಜ್ಞರಿಗೂ ಒಪ್ಪಿಸಿ ಜನರನ್ನು ದೂರವಿಡುವುದೇ ಲೇಸಲ್ಲವೇ?”

ನ್ಯಾಯಾಲಯದ ಉಪಕಾರವನ್ನು ನಾನು ಮರೆತಿಲ್ಲ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ಸಲ್ಲಿಸಿದ ಪಶ್ಚಿಮಘಟ್ಟದ ರಕ್ಷಣೆಯ ವರದಿ ಮರುವರ್ಷ ಹೊರಬಿದ್ದದ್ದು ದೆಹಲಿ ಹೈಕೋರ್ಟಿನ ತೀರ್ಪಿನ ನಂತರವೇ. ಆದರೆ ಆ ವರದಿ ಗ್ರಾಮಸಭೆಗಳಲ್ಲಿ ಚರ್ಚೆಯಾಗಲಿ ಎಂಬುದು ಗಾಡ್ಗೀಳರ ಆಗ್ರಹವಾಗಿತ್ತು. ನಮ್ಮ ಕಡೆ ಅದೊಂದು ಮಾತ್ರ ಆಗಲಿಲ್ಲ. ನಮ್ಮ ಊರುಗಳಿಗೆ ವರದಿ ಬರುವ ಮೊದಲೇ ವದಂತಿ ಬಂತು. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟಕ್ಕೆ ಕಾಲಿಡುವಂತಿಲ್ಲವಂತೆ, ಕೊಟ್ಟಿಗೆ ಕಟ್ಟುವಂತಿಲ್ಲವಂತೆ ಎಂಬ ಭಯ ಹಬ್ಬಿತು. ರಾಜಕಾರಣಿಗಳು ಓಟು ಎತ್ತಿದ್ದು ಆ ಭಯದಿಂದ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಬದಿಯ ಚಹದ ಅಂಗಡಿಯನ್ನು ಅದನ್ನು ನಡೆಸುತ್ತಿದ್ದ ಕುಟುಂಬದ ಸಮೇತ ಗಂಗಾವಳಿ ಹೊಳೆಗೆ ತಳ್ಳಿತು. ಅದೇ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ, ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿದ್ದ ಕೇಂದ್ರ ಸರ್ಕಾರದ ಕರಡು ಅಧಿಸೂಚನೆಯನ್ನು ತಿರಸ್ಕರಿಸಿತು. ಆಗಲೂ ಊರಿನವರನ್ನು ಕೂರಿಸಿ ಯಾರೂ ಕೇಳಲಿಲ್ಲ.

ಶಿರಸಿ ಸೀಮೆಯ ಒಂದು ಗ್ರಾಮಸಭೆಯಲ್ಲಿ ನಾನೇ ಕುಳಿತಿದ್ದೆ. ಶಾಲೆಯ ಜಗಲಿಯಲ್ಲಿ ಮನೆ ಮಂಜೂರಾದವರ ಯಾದಿಯನ್ನು ಓದಿ ಮುಗಿಸಿ ಇನ್ನೇನು ಏಳಬೇಕೆನ್ನುವಾಗ, ಮೂಲೆಯಲ್ಲಿದ್ದ ಅಜ್ಜಿಯೊಬ್ಬರು ಎದ್ದು, “ನಮ್ಮನೆ ಕೆಳಗಿನ ಹಳ್ಳ ಈಗ ಶಿವರಾತ್ರಿಗೇ ಬತ್ತುತ್ತದೆ, ಮಳೆಗಾಲದಲ್ಲಿ ಔಷಧಿ ಹೊಡೆಯಲು ಒಂದು ದಿನ ಬಿಡುವು ಸಿಗದೆ ಕೊಳೆ ಬಂದು ಅಡಿಕೆಯೆಲ್ಲ ಉದುರುತ್ತದೆ, ಇದನ್ನು ಬರೆದುಕೊಳ್ಳಿ” ಎಂದರು. ಬರೆದುಕೊಳ್ಳುತ್ತಿದ್ದವರು ಅದಕ್ಕೆ ಕಲಂ ಇಲ್ಲವೆಂದು ಪುಸ್ತಕ ಮುಚ್ಚಿದರು. ಹವಾಮಾನದ ಬಗ್ಗೆ ನಾನು ಓದಿದ ಎಷ್ಟೋ ವರದಿಗಳು ಹೇಳುವುದನ್ನು ಆ ಅಜ್ಜಿ ಎರಡು ಮಾತಿನಲ್ಲಿ ಹೇಳಿದ್ದರು. ಇಂಥವರನ್ನು ದೂರವಿಡಿ ಎಂದು ನೀವು ಬರೆದದ್ದು ನನಗೆ ನೋವು ತಂದಿದೆ.

ನೀವು ಕುಮಟಾದವರು, ಅಘನಾಶಿನಿ ನಿಮ್ಮ ಮನೆಬಾಗಿಲಿನ ಹೊಳೆ. ಆ ಹೊಳೆ ಕಡಲು ಸೇರುವ ತದಡಿಯಲ್ಲಿ 4000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಾಗ ಅದನ್ನು ಎದುರಿಸಿ ನಿಂತವರು ಮೀನುಗಾರರು, ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುವವರು, ಗಜನಿ ಎಂಬ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರು. ಸ್ಥಾವರ ಬರಲಿಲ್ಲ, ಅದೇ ಹೊಳೆಯ ಅಳಿವೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಯಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಬಳಿಯ ಸಾಲ್ಕಣಿಯ ಜನ ಮರ ಕಡಿಯುವುದನ್ನು ತಡೆಯಲು ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡಾಗಲೂ ಅವರನ್ನು ಯಾವ ಪಕ್ಷವೂ ಕಳಿಸಿರಲಿಲ್ಲ. ಜನ ತಡೆದು ನಿಂತ ಮೇಲೆ ಪಕ್ಷಗಳು ಅವರ ಹಿಂದೆ ಬಂದವು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಷ್ಟೆಲ್ಲ ನಡೆದಿರುವಾಗ ನಮ್ಮ ಪಠ್ಯಪುಸ್ತಕಗಳೂ, ನಮ್ಮಂಥ ಪತ್ರಿಕೆಗಳೂ ಇದನ್ನು ಎಳೆಯರಿಗೆ ಸಾಕಷ್ಟು ಹೇಳಲಿಲ್ಲವೆಂಬುದು ನನ್ನ ಬಹುಕಾಲದ ಸಂಕಟ.

ಕಾನೂನಿನಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಮುಂದಿನ ಸಭೆಗೆ ಹೋಗಿ; ನಿಮ್ಮ ಊರಿನ ಬಾವಿ, ಕಡಲ ಕೊರೆತ, ಗುಡ್ಡದ ಬಿರುಕುಗಳ ಕುರಿತ ಪ್ರಶ್ನೆಯನ್ನು ಬರೆದುಕೊಟ್ಟು, ಅದು ನಡಾವಳಿಯಲ್ಲಿ ಸೇರುವವರೆಗೆ ಅಲ್ಲೇ ಕುಳಿತಿರಿ. ಆ ನಡಾವಳಿಯ ನಕಲನ್ನು ನಮಗೆ ಕಳಿಸಿ. ಈ ಪುಟದಲ್ಲೇ ಅಚ್ಚು ಮಾಡುತ್ತೇನೆ.

– ಸಂಪಾದಕ