ನಾಲ್ಕನೇ ಪುಟದಿಂದ ಶುರು ಮಾಡ್ರಿ

ಜಮಖಂಡಿಯ ಲೇಖಕ ಮಿತ್ರರಿಗೆ ನಮಸ್ಕಾರ.

‘ಕ್ಯಾನ್ಸರಿಗೆ ರಾಮಬಾಣ ಮ್ಯಾಗ್ನೀಸಿಯಮ್’ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ನಮ್ಮ ಮಾಸಿಕದಲ್ಲಿ ಹಾಕಲು ಬರುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ, ಯಾಕೆಂದರೆ ನಾಲ್ಕನೇ ಪುಟದಲ್ಲಿ ನೀವು ಒಂದು ಒಳ್ಳೆಯ ಲೇಖನವನ್ನು ಬಚ್ಚಿಟ್ಟಿದ್ದೀರಿ.

ಮೊದಲು ಬೈಗುಳದ ಪಾಲು ಮುಗಿಸಿಬಿಡೋಣ. ನಿಮ್ಮ ಎರಡನೇ ವಾಕ್ಯ: “ಜೀವಕೋಶದಲ್ಲಿ ಮ್ಯಾಗ್ನೀಸಿಯಮ್ ಕಡಿಮೆಯಾದರೆ ಕ್ಯಾನ್ಸರ್ ಹುಟ್ಟುತ್ತದೆ, ತುಂಬಿಕೊಟ್ಟರೆ ಸಾಯುತ್ತದೆ.” ಮೊದಲ ಅರ್ಧಕ್ಕೆ ಅಷ್ಟಿಷ್ಟು ಆಧಾರವಿದೆ. ಡಿಎನ್‌ಎ ನಕಲು ಮಾಡುವ ಪಾಲಿಮರೇಸ್ ಆಗಲಿ, ಹಾಳಾದ ಎಳೆಯನ್ನು ದುರಸ್ತಿ ಮಾಡುವ ಹಲವು ಕಿಣ್ವಗಳಾಗಲಿ ಮ್ಯಾಗ್ನೀಸಿಯಮ್ ಅಯಾನು ಇಲ್ಲದೆ ಕೆಲಸ ಮಾಡಲಾರವು. ದುರಸ್ತಿ ಸರಿಯಾಗದಿದ್ದರೆ ತಪ್ಪುಗಳು ಉಳಿದುಕೊಳ್ಳುತ್ತವೆ ಎಂಬ ತರ್ಕವೂ ಸರಿಯೇ. ಆದರೆ ಅದರಿಂದಲೇ ಕ್ಯಾನ್ಸರ್ ಹುಟ್ಟುತ್ತದೆ ಎನ್ನುವುದು ದೊಡ್ಡ ಜಿಗಿತ. ಇನ್ನು ಎರಡನೇ ಅರ್ಧ ನೋಡ್ರಿ. ಕೋಶದ ಶಕ್ತಿಯ ಮೂಲವಾದ ಎಟಿಪಿ ಬಹುಪಾಲು ಮ್ಯಾಗ್ನೀಸಿಯಮ್ ಜೊತೆ ಕೂಡಿಕೊಂಡೇ ಇರುತ್ತದೆ ಎಂದು ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಿ. ಗಡ್ಡೆಯ ಕೋಶ ಬದುಕುವುದೂ ಅದೇ ಎಟಿಪಿಯಿಂದ ಅಲ್ಲವೇ? ಒಂದೇ ಸಮನೆ ಇಬ್ಭಾಗವಾಗುತ್ತ ಹೋಗುವ ಕೋಶಕ್ಕೆ ಅದು ಇನ್ನಷ್ಟು ಬೇಕು. ಕೋಶದ ಪೊರೆಯಲ್ಲಿ ಮ್ಯಾಗ್ನೀಸಿಯಮ್ಮನ್ನು ಒಳಬಿಡುವ ಟಿಆರ್‌ಪಿಎಂ7 ಎಂಬ ಬಾಗಿಲು ಸ್ತನದ ಮತ್ತು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗಳಲ್ಲಿ ಹೆಚ್ಚಾಗಿ ಕಾಣಿಸಿಕೊಂಡಿದೆ. ಹಾಗಿದ್ದರೆ ಮ್ಯಾಗ್ನೀಸಿಯಮ್ ಯಾರ ಕಡೆ? ಈ ಪ್ರಶ್ನೆಯನ್ನು ನೀವು ಕೇಳಲೇ ಇಲ್ಲ. ನನಗೆ ಬೇಕಾದ ಲೇಖನ ಇದೇ ಪ್ರಶ್ನೆಯ ಸುತ್ತ ಇರಬೇಕು.

2004ರ ಇಲಿ ಪ್ರಯೋಗವನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ, ಅದೂ ನಿಮಗೆ ಅನುಕೂಲವಾದ ಅರ್ಧ ಮಾತ್ರ. ಮ್ಯಾಗ್ನೀಸಿಯಮ್ ಕೊರತೆಯ ಆಹಾರ ತಿಂದ ಇಲಿಗಳಲ್ಲಿ ಶ್ವಾಸಕೋಶಕ್ಕೆ ಹರಡಿದ ಗಡ್ಡೆಗಳು ಹೆಚ್ಚಾದವು, ನಿಜ. ಆದರೆ ಅವೇ ಇಲಿಗಳಲ್ಲಿ ಮೂಲ ಗಡ್ಡೆಯ ಬೆಳವಣಿಗೆ ಕುಂಠಿತವಾಗಿತ್ತು. ಎರಡನ್ನೂ ಬರೆಯಿರಿ. ಓದುಗ ಗೊಂದಲಕ್ಕೆ ಬೀಳುತ್ತಾನೆಂಬ ಹೆದರಿಕೆ ಬೇಡ, ವಿಜ್ಞಾನಿಗಳೂ ಅಲ್ಲೇ ತಲೆ ಕೆರೆದುಕೊಂಡಿದ್ದಾರೆ.

ಎಂಎಜಿಟಿ1 ಎಂಬ ವಂಶವಾಹಿಯ ದೋಷದಿಂದ ಬರುವ ಅಪರೂಪದ ರೋಗ, ಅದರ ಜೊತೆಗಿನ ವೈರಸ್ ಸೋಂಕು ಮತ್ತು ಲಿಂಫೋಮಾ ಎಂಬ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರಿನ ಬಗ್ಗೆ ಬರೆದು, “ಮ್ಯಾಗ್ನೀಸಿಯಮ್ ಕೊಟ್ಟರೆ ಗುಣ” ಎಂದಿದ್ದೀರಿ. 2013ರ ಹೊತ್ತಿಗೆ ಆ ಆಸೆ ಇದ್ದದ್ದು ಹೌದು. ಆಮೇಲೆ ಯಾರಿಗೆ ಔಷಧ, ಯಾರಿಗೆ ಬರೀ ಹುಸಿಗುಳಿಗೆ ಎಂದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಪರೀಕ್ಷೆ ನಡೆಸಿದಾಗ ಪ್ರಯೋಜನ ಕಾಣಲಿಲ್ಲ. ನೀವು ಹಳೆಯ ಸುದ್ದಿಯಲ್ಲೇ ನಿಂತುಬಿಟ್ಟಿದ್ದೀರಿ. ಇದರ ಬದಲು 2022ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಕೆಲಸಕ್ಕೆ ಜಾಗ ಕೊಡಿ. ಕ್ಯಾನ್ಸರ್ ಕೋಶವನ್ನು ಕೊಲ್ಲುವ ಟಿ ಕೋಶ ಎಂಬ ರೋಗನಿರೋಧಕ ಕೋಶದ ಮೇಲೆ ಎಲ್‌ಎಫ್‌ಎ-1 ಎಂಬ ಪ್ರೋಟೀನ್ ಇದೆ. ಸುತ್ತಲೂ ಸಾಕಷ್ಟು ಮ್ಯಾಗ್ನೀಸಿಯಮ್ ಇದ್ದಾಗಲೇ ಅದು ಪೂರ್ತಿ ಬಿಚ್ಚಿಕೊಂಡು ಗುರಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಇದು ಗಟ್ಟಿ ಸಂಗತಿ. ಆದರೂ ಅಲ್ಲಿ ಇಲಿಯ ಗಡ್ಡೆಗೇ ನೇರವಾಗಿ ಮ್ಯಾಗ್ನೀಸಿಯಮ್ ಕೊಟ್ಟಿದ್ದರು ಎಂಬುದನ್ನು ಬಿಡಬೇಡಿ. ಗುಳಿಗೆ ನುಂಗುವುದು ಬೇರೆ ಮಾತು.

ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು, ಅಗಸಿ ತಿನ್ನುವ ಬಾಗಲಕೋಟೆ ಜನರ ಹತ್ತಿರ ಕ್ಯಾನ್ಸರ್ ಸುಳಿಯದು ಎಂಬ ಪ್ಯಾರಾ ಪೂರ್ತಿ ಹೊಡೆದುಹಾಕಿದ್ದೇನೆ. ಇವುಗಳಲ್ಲೆಲ್ಲ ಮ್ಯಾಗ್ನೀಸಿಯಮ್ ಚೆನ್ನಾಗಿಯೇ ಇದೆ. ಆದರೆ ಬೆಳಗಾವಿಯ ಕ್ಯಾನ್ಸರ್ ವಾರ್ಡಿನಲ್ಲಿ ಬಾಯಿ ತೆರೆಯಲಾಗದೆ ಮಲಗಿರುವ ಗುಟ್ಕಾ ತಿಂದವರೂ ರೊಟ್ಟಿ ಉಂಡೇ ಬೆಳೆದವರು.

ಈಗ ನಾಲ್ಕನೇ ಪುಟ. ನಿಮ್ಮ ಸೋದರಮಾವನವರಿಗೆ ಕೀಮೋ ನಡೆದಿತ್ತು. ಜಮಖಂಡಿಗೆ ಮರಳುವ ಬಸ್ಸಿನಲ್ಲಿ, ಲೋಕಾಪುರ ದಾಟುವಾಗ ಅವರ ಬೆರಳುಗಳು ಸೆಟೆದುಕೊಂಡವು. ನೀವು ಒಂದೊಂದನ್ನೇ ಬಿಡಿಸಿ ಹಿಡಿದು ಕೂತಿರಿ. ಮುಂದಿನ ಸಲ ನರ್ಸಮ್ಮ ಸಲಾಯಿನ್ ಬಾಟಲಿಗೆ ಮ್ಯಾಗ್ನೀಸಿಯಮ್ ಸಲ್ಫೇಟ್ ಸೇರಿಸಿದರು. ನಾಲ್ಕೇ ಸಾಲು! ಇಡೀ ಲೇಖನದಲ್ಲಿ ನೀವು ಕಣ್ಣಾರೆ ಕಂಡದ್ದು ಇದೊಂದೇ, ಅದನ್ನು ಓಡಿಸಿಕೊಂಡು ಹೋಗಿದ್ದೀರಿ. ಇಲ್ಲಿಂದ ಶುರು ಮಾಡ್ರಿ. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ಮೂತ್ರಪಿಂಡದ ಸೂಕ್ಷ್ಮ ನಾಳಗಳಿಗೆ ಪೆಟ್ಟು ಕೊಡುತ್ತದೆ, ರಕ್ತಕ್ಕೆ ಮರಳಬೇಕಾದ ಮ್ಯಾಗ್ನೀಸಿಯಮ್ ಮೂತ್ರದಲ್ಲಿ ಹರಿದುಹೋಗುತ್ತದೆ. ಮಾವನವರ ಬೆರಳು ಸೆಟೆದದ್ದು ಈ ಕೊರತೆಯಿಂದಲೇ ಇರಬಹುದು. ಕರುಳಿನ ಕ್ಯಾನ್ಸರಿಗೆ ಕೊಡುವ ಸೆಟುಕ್ಸಿಮ್ಯಾಬ್‌ನದು ಇನ್ನೂ ವಿಚಿತ್ರ. ಅದು ಗಡ್ಡೆಯ ಬೆಳವಣಿಗೆಗೆ ಸಂಕೇತ ಕೊಡುವ ಇಜಿಎಫ್‌ಆರ್ ಎಂಬ ಪ್ರೋಟೀನನ್ನು ತಡೆಯುತ್ತದೆ. ಮೂತ್ರಪಿಂಡದಲ್ಲಿ ಮ್ಯಾಗ್ನೀಸಿಯಮ್ ಹಿಡಿದಿಡುವ ಟಿಆರ್‌ಪಿಎಂ6 ಎಂಬ ಬಾಗಿಲು ನಡೆಯುವುದೂ ಅದೇ ಸಂಕೇತದಿಂದ. ಗಡ್ಡೆಗೆ ಹೊಡೆದ ಏಟು ಮೂತ್ರಪಿಂಡಕ್ಕೂ ತಾಗುತ್ತದೆ.

ಇದೇ ಜಾಗದಲ್ಲಿ ರಕ್ತಪರೀಕ್ಷೆಯ ಮಾತನ್ನೂ ತನ್ನಿ. ವಯಸ್ಕರ ಮೈಯಲ್ಲಿ ಸುಮಾರು 25 ಗ್ರಾಂ ಮ್ಯಾಗ್ನೀಸಿಯಮ್, ಅರ್ಧಕ್ಕಿಂತ ಹೆಚ್ಚು ಎಲುಬಿನಲ್ಲಿ. ಪರೀಕ್ಷೆಗೆ ತೆಗೆದುಕೊಳ್ಳುವ ರಕ್ತದ ತಿಳಿ, ಅಂದರೆ ಸೀರಮ್‌ನಲ್ಲಿ ಸಿಗುವುದು ಶೇ. 1ಕ್ಕಿಂತ ಕಡಿಮೆ. ರಿಪೋರ್ಟ್ ‘ನಾರ್ಮಲ್’ ಎಂದರೂ ಒಳಗೆ ಕೊರತೆ ಇರಬಹುದು.

ಕೊನೆಗೆ “ವೈದ್ಯರ ಸಲಹೆ ಪಡೆಯಿರಿ” ಎಂದು ಅಂಟಿಸಿದ್ದೀರಿ. ಅದನ್ನು ಯಾರೂ ಓದುವುದಿಲ್ಲ. ಕಾರಣ ಬರೆಯಿರಿ: ಮೂತ್ರಪಿಂಡ ಸೋತವರಲ್ಲಿ ಮ್ಯಾಗ್ನೀಸಿಯಮ್ ಹೊರಹೋಗದೆ ತುಂಬಿಕೊಂಡರೆ ಹೃದಯದ ಬಡಿತ ನಿಧಾನವಾಗುತ್ತದೆ, ಉಸಿರಾಟಕ್ಕೇ ಕುತ್ತು ಬರಬಹುದು. ಕೀಮೋ ಆದವರ ಮೂತ್ರಪಿಂಡ ಮೊದಲೇ ಬಳಲಿರಬಹುದು. ನಿಮ್ಮ ಲೇಖನ ಓದಿ ಬೀಳಗಿಯ ಔಷಧಿ ಅಂಗಡಿಯಲ್ಲಿ ಗುಳಿಗೆ ಕೇಳುವ ಮಗನಿಗೆ ಇಷ್ಟಾದರೂ ಗೊತ್ತಿರಬೇಕು.

ಶೀರ್ಷಿಕೆ ಬದಲಿಸಿ, ‘ಸಂಜೀವಿನಿ’, ‘ಮಹಾಮಾರಿ’ ಎಲ್ಲ ತೆಗೆದು 1,200 ಪದಗಳಲ್ಲಿ ಮತ್ತೆ ಕಳಿಸಿ. ಶ್ರಾವಣ ಸಂಚಿಕೆಗೆ ನೋಡೋಣ. ಬರೆಯುವ ಮುಂಚೆ ಮಾವನವರ ಒಪ್ಪಿಗೆ ಕೇಳಿ, ಅವರ ಡಿಸ್ಚಾರ್ಜ್ ಕಾರ್ಡನ್ನೂ ಒಮ್ಮೆ ನೋಡಿ. ‘ಪ್ಲಾಟಿನ್ ಕೀಮೋ’ ಎಂದಷ್ಟೇ ಬರೆದಿದ್ದೀರಿ. ಅದು ಸಿಸ್‌ಪ್ಲಾಟಿನ್ ಅಲ್ಲ, ಕಾರ್ಬೋಪ್ಲಾಟಿನ್ ಆಗಿದ್ದರೆ ಮೂತ್ರಪಿಂಡದ ಮೇಲಿನ ಪೆಟ್ಟು ಅಷ್ಟು ಜೋರಿರುವುದಿಲ್ಲ, ಆಗ ಆ ಭಾಗವನ್ನು ಬೇರೆ ಥರ ಬರೆಯಬೇಕಾಗುತ್ತದೆ.

ಸಂಪಾದಕ
ಬೆಳಗಾವಿ